ಸೇವಾ ಸಂಸ್ಥೆಯ ಪದಾಧಿಕಾರಿಗಳಿಗೆ ವಿಮೆ: ಪಾಲಿಸಿಯಲ್ಲಿ ಏನೇನು ನೋಡಬೇಕು?

ಸಂಬಳ ತಗೊಳ್ಳದೆ ದುಡಿಯುವವರ ಮೇಲೆ ಯಾರು ಕೇಸು ಹಾಕ್ತಾರೆ ಅನಿಸಬಹುದು. ಕೆಲಸದಿಂದ ತೆಗೆದ ನೌಕರ ಹಾಕಬಹುದು. ಕೊಟ್ಟ ದುಡ್ಡು ಬೇರೆ ಯಾವುದಕ್ಕೋ ಖರ್ಚಾಯಿತು ಎಂದು ದಾನಿಯೂ ಹಾಕಬಹುದು. ಆಗ ಸಂಸ್ಥೆಯ ಜೊತೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿಯ ಹೆಸರೂ ಸೇರಬಹುದು. ತಪ್ಪು ಮಾಡಿಲ್ಲ ಎಂದು ತೀರ್ಪು ಬಂದರೂ ಅಷ್ಟರೊಳಗೆ ಲಾಯರ್ ಫೀಸು ಕೊಟ್ಟಾಗಿರುತ್ತದೆ, ಅಲ್ವಾ? ಇದಕ್ಕೆಂದೇ ಇರುವುದು ‘ಡೈರೆಕ್ಟರ್ಸ್ ಅಂಡ್ ಆಫೀಸರ್ಸ್’ ವಿಮೆ.

ಕಾನೂನೇ ಕಾಪಾಡುತ್ತದೆ ಎಂದು ಸುಮ್ನೆ ಕೂರಬೇಡಿ. ಸ್ವಯಂಸೇವಕರ ರಕ್ಷಣೆಗೆ ಅಮೆರಿಕ 1997ರಲ್ಲಿ ಕಾಯ್ದೆಯನ್ನೇ ತಂದಿತು. ಆದರೆ ಘೋರ ನಿರ್ಲಕ್ಷ್ಯಕ್ಕೆ ಅದರಲ್ಲಿ ರಕ್ಷಣೆ ಇಲ್ಲ, ಕೇಸು ಹಾಕುವುದನ್ನೂ ಅದು ತಡೆಯುವುದಿಲ್ಲ.

ಮೊದಲು ನಿಮ್ಮ ಬೈಲಾ ತೆಗೆದು ನೋಡಿ. ಪದಾಧಿಕಾರಿಗಳ ಮೇಲೆ ಕೇಸಾದರೆ ಖರ್ಚನ್ನು ಸಂಸ್ಥೆ ಭರಿಸುತ್ತದೆ ಎಂಬ ಮಾತು ಇದೆಯೇ? ಇದ್ದರೂ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಅದು ಕಾಗದದ ಮಾತು. ಸಂಸ್ಥೆ ಕೊಡಲಾಗದಾಗ ವ್ಯಕ್ತಿಗೇ ನೇರವಾಗಿ ಹಣ ಕೊಡುವ ಭಾಗವನ್ನು ‘ಸೈಡ್ ಎ’ ಅನ್ನುತ್ತಾರೆ. ನನ್ನ ಮಟ್ಟಿಗೆ ಪಾಲಿಸಿಯ ಜೀವ ಇರುವುದೇ ಅಲ್ಲಿ.

ಆಮೇಲೆ, ‘ವಿಮೆಗೆ ಒಳಪಟ್ಟವರು’ ಯಾರು ಎಂಬ ಪುಟ. ಮಾಜಿ ಸದಸ್ಯರು, ಉಪಸಮಿತಿಯವರು, ಸ್ವಯಂಸೇವಕರು, ಸಂಸ್ಥೆ, ಎಲ್ಲ ಸೇರಿರಬೇಕು.

ಜಾಸ್ತಿ ಜನ ಎಡವುವುದು ದಿನಾಂಕದಲ್ಲಿ. ಈ ವಿಮೆ ಸಾಮಾನ್ಯವಾಗಿ ‘ಕ್ಲೇಮ್ಸ್ ಮೇಡ್’ ರೀತಿಯದು. ನಿರ್ಧಾರ ಮಾಡಿದ ದಿನ ಯಾವ ಪಾಲಿಸಿ ಇತ್ತು ಎಂಬುದಲ್ಲ, ಕ್ಲೇಮ್, ಅಂದರೆ ನಿಮ್ಮ ಮೇಲೆ ನೋಟಿಸು ಅಥವಾ ಕೇಸು, ಬಂದ ದಿನ ಯಾವುದು ಚಾಲ್ತಿಯಲ್ಲಿದೆ ಎಂಬುದೇ ಮುಖ್ಯ. 2022ರಲ್ಲಿ ನೌಕರನನ್ನು ತೆಗೆದಿರಿ, 2024ರಲ್ಲಿ ನೋಟಿಸು ಬಂತು ಎಂದುಕೊಳ್ಳಿ. 2023ರಲ್ಲಿ ನವೀಕರಣ ಬಿಟ್ಟಿದ್ದರೆ ಹಳೇ ಪಾಲಿಸಿ ಕೈಗೆ ಬರುವುದಿಲ್ಲ. ಪಾಲಿಸಿಯಲ್ಲಿ ‘ರೆಟ್ರೋಆಕ್ಟಿವ್ ಡೇಟ್’ ಇದ್ದರೆ, ಅದಕ್ಕಿಂತ ಹಿಂದಿನ ಕೆಲಸಗಳಿಗೂ ರಕ್ಷಣೆ ಸಿಗುವುದಿಲ್ಲ.

ಪಾಲಿಸಿ ಗರಿಷ್ಠ ಎಷ್ಟು ಕೊಡುತ್ತದೆ ಎಂಬ ಮಿತಿ ನೋಡುವಾಗ ಒಂದು ಪ್ರಶ್ನೆ ಕೇಳಿ: ವಕೀಲರ ಖರ್ಚು ಆ ಮಿತಿಯ ಒಳಗೋ, ಹೊರಗೋ? ಒಳಗಿದ್ದರೆ, 100 ರೂಪಾಯಿ ಮಿತಿಯಲ್ಲಿ ವಕೀಲರಿಗೆ 40 ಹೋದರೆ ಪರಿಹಾರಕ್ಕೆ ಉಳಿಯುವುದು 60 ಮಾತ್ರ.

ಹೊರಗಿಟ್ಟ ಸಂಗತಿಗಳ ಪಟ್ಟಿಯನ್ನು ನಿಧಾನವಾಗಿ ಓದಿ. ಯಾರಿಗಾದರೂ ಗಾಯವಾದರೆ, ಆಸ್ತಿ ಹಾಳಾದರೆ ಇದು ಕೊಡುವುದಿಲ್ಲ, ಅದಕ್ಕೆ ಬೇರೆ ಹೊಣೆಗಾರಿಕೆ ವಿಮೆ ಬೇಕು. ಮೋಸಕ್ಕೂ ಕೊಡುವುದಿಲ್ಲ. ಆದರೆ ಮೋಸ ಎಂದು ಆರೋಪ ಬಂದ ಕೂಡಲೇ ಕೈಬಿಡುತ್ತಾರೋ, ಅಂತಿಮ ತೀರ್ಪಿನ ತನಕ ಕಾಯುತ್ತಾರೋ? ಕಾಯುವ ಪಾಲಿಸಿಯನ್ನೇ ಆರಿಸಿ. ನೌಕರರ ದೂರುಗಳಿಗೆ ರಕ್ಷಣೆ ಸೇರಿದೆಯೇ ಎಂದೂ ಕೇಳಿ, ಕೆಲವರು ಅದನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಸದಸ್ಯರೇ ಸದಸ್ಯರ ಮೇಲೆ ಹಾಕಿದ ಕೇಸನ್ನು ಅನೇಕ ಪಾಲಿಸಿಗಳು ಹೊರಗಿಡುತ್ತವೆ. ಒಳಜಗಳವಿರುವ ಮಂಡಳಿಗೆ ಇದು ದೊಡ್ಡ ಪೆಟ್ಟು.

ಅರ್ಜಿಯಲ್ಲಿ ಗೊತ್ತಿರುವ ತಕರಾರನ್ನು ಮುಚ್ಚಿಡಬೇಡಿ. ಒಬ್ಬರು ಸುಳ್ಳು ಬರೆದರೆ ಉಳಿದವರ ರಕ್ಷಣೆ ಹೋಗದಂತೆ ತಡೆಯುವ ಷರತ್ತು ಇರಲಿ.

ವಕೀಲರ ನೋಟಿಸು ಬಂದರೆ ಮುಂದಿನ ಸಭೆಯ ತನಕ ಇಟ್ಟುಕೊಳ್ಳದೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಅವರ ಒಪ್ಪಿಗೆ ಇಲ್ಲದೆ ರಾಜಿಗೂ ಹೋಗಬೇಡಿ. ಕಂಪನಿ ಬದಲಿಸುವಾಗ ಹಳೇ ರೆಟ್ರೋಆಕ್ಟಿವ್ ಡೇಟ್ ಅನ್ನೇ ಮುಂದುವರಿಸಲು ಹೇಳಿ. ಸಂಸ್ಥೆಯನ್ನು ಮುಚ್ಚುವುದಾದರೆ, ಆಮೇಲೆ ಬರುವ ಕ್ಲೇಮುಗಳಿಗಾಗಿ ವರದಿ ಮಾಡುವ ಅವಧಿಯನ್ನು ಹಣ ಕೊಟ್ಟು ವಿಸ್ತರಿಸಿಕೊಳ್ಳಿ.