123456789 ಅನ್ನು ಕೈಲೆಕ್ಕದಲ್ಲಿ ಬಿಡಿಸಿದ್ದು

ಕ್ಯಾಲ್ಕುಲೇಟರ್ ಸರಿಯಿದೆಯೇ ಎಂದು ನೋಡಲು ಎಲ್ಲರೂ ಒತ್ತುವ ಸಂಖ್ಯೆ 123456789. ಅದನ್ನು ಕಾಗದದ ಮೇಲೆಯೇ ಅಪವರ್ತಿಸೋಣ ಎಂದು ಒಂದು ಸಂಜೆ ಕೂತೆ.

ಶುರುವಿನಲ್ಲಿ ಕಷ್ಟವೇನಿಲ್ಲ. ಅಂಕಿಗಳ ಮೊತ್ತ 45, ಅಂದರೆ 9ರಿಂದ ಭಾಗವಾಗುತ್ತದೆ. (ಈ ಒಂಬತ್ತು ಅಂಕಿಗಳನ್ನು ಹೇಗೆ ಕಲಸಿ ಜೋಡಿಸಿದರೂ ಮೊತ್ತ ಅಷ್ಟೇ. ಹಾಗಾಗಿ ಇವುಗಳಿಂದ ಅವಿಭಾಜ್ಯ ಸಂಖ್ಯೆ ಹುಟ್ಟುವುದೇ ಇಲ್ಲ.) ಭಾಗಿಸಿದಾಗ ಉಳಿದದ್ದು 1,37,17,421. 7, 11, 13 ಮೂರನ್ನೂ ಒಂದೇ ಏಟಿಗೆ ನೋಡಿದೆ: ಇವುಗಳ ಗುಣಲಬ್ಧ 1001, ಆದ್ದರಿಂದ ಬಲದಿಂದ ಮೂರು ಮೂರು ಅಂಕಿ ಹಿಡಿದು 421 − 717 + 13 = −283. 283 ಆ ಮೂರರಲ್ಲಿ ಯಾವುದಕ್ಕೂ ಬಗ್ಗುವುದಿಲ್ಲ.

ಆಮೇಲೆ ನನ್ನ ದಡ್ಡತನ. 17, 19, 23 ಎಂದು ಎರಡು ಸಂಜೆ ಭಾಗಿಸುತ್ತಲೇ ಹೋದೆ. ವರ್ಗಮೂಲ ಸುಮಾರು 3703.7, ಅಲ್ಲಿಯವರೆಗೆ 500ಕ್ಕೂ ಹೆಚ್ಚು ಅವಿಭಾಜ್ಯಗಳಿವೆ! 400 ದಾಟುವ ಹೊತ್ತಿಗೆ ಬೇಸತ್ತು ಫರ್ಮಾ ವಿಧಾನ ಹಿಡಿದೆ: ವರ್ಗಮೂಲಕ್ಕಿಂತ ತುಸು ದೊಡ್ಡ ಸಂಖ್ಯೆಯ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡುವುದು. ಹೌದಾದರೆ a² − b² = (a − b)(a + b) ಸೂತ್ರದಿಂದ ಅಪವರ್ತನಗಳು ಸಿಕ್ಕಂತೆ. 3704ರ ವರ್ಗದಿಂದ ಕಳೆದರೆ 2195, ಅಲ್ಲ. 3705ರ ವರ್ಗದಿಂದ ಕಳೆದರೆ 9604. ಅದು 98ರ ವರ್ಗ! ಪೆನ್ಸಿಲ್ ಕೆಳಗಿಟ್ಟು ನಕ್ಕೆ. 3705 − 98 = 3607, 3705 + 98 = 3803. ಎರಡೂ ಅವಿಭಾಜ್ಯ; 61ರವರೆಗೆ ಭಾಗಿಸಿ ಖಚಿತಪಡಿಸಿಕೊಂಡೆ.

123456789 = 3² × 3607 × 3803.

ಇಷ್ಟು ಸಿಕ್ಕರೆ ಮಿಕ್ಕ ಜಾತಕ ತಾನಾಗಿ ಬರುತ್ತದೆ. ಭಾಜಕಗಳು 3 × 2 × 2 = 12. ಅವುಗಳ ಮೊತ್ತ (1 + 3 + 9) × (1 + 3607) × (1 + 3803), ಅಂದರೆ 13 × 3608 × 3804 = 17,84,22,816. ಇದರಿಂದ ಮೂಲ ಸಂಖ್ಯೆಯನ್ನು ಕಳೆದರೆ 5,49,66,027. ಅದು ಮೂಲಕ್ಕಿಂತ ಕಡಿಮೆ, ಹಾಗಾಗಿ ಇದು ನ್ಯೂನ ಸಂಖ್ಯೆ. 4ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ ಎರಡು ವರ್ಗಗಳ ಮೊತ್ತವಾಗಬಹುದೆಂದು ಆಸೆಪಟ್ಟೆ. ಆಗದು: 3607 ಮತ್ತು 3803 ಎರಡೂ 4ಕ್ಕೆ ಶೇಷ 3 ಕೊಡುತ್ತವೆ. ಅಂಥ ಅವಿಭಾಜ್ಯಗಳು ಸಮ ಸಂಖ್ಯೆಯಷ್ಟು ಸಲ ಬಂದಿರಬೇಕು, ಇವು ಒಂದೊಂದೇ ಸಲ ಬಂದಿವೆ.

ಹುರುಪಿನಲ್ಲಿ 987654321ಕ್ಕೂ ಕೈಹಾಕಿದೆ. 9 ತೆಗೆದ ಮೇಲೆ 10,97,39,369. ನೇರ ಫರ್ಮಾ ವಿಧಾನಕ್ಕೇ ಹೋದೆ, ಪುಟ ತುಂಬಿತು, ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅದು 17² × 3,79,721. ಅಪವರ್ತನಗಳ ಜೋಡಿ ಒಂದಕ್ಕೊಂದು ಹತ್ತಿರವಿದ್ದರಷ್ಟೇ ಫರ್ಮಾ ವಿಧಾನ ಬೇಗ ಮುಗಿಯುತ್ತದೆ; ಇಲ್ಲಿ ತೀರ ಹತ್ತಿರದ ಜೋಡಿಯೇ 289 ಮತ್ತು 3,79,721. ಆ ವಿಧಾನದಲ್ಲಿ 1,79,000ಕ್ಕೂ ಹೆಚ್ಚು ಹೆಜ್ಜೆ ಬೇಕು. ಹಿಂದಿನ ಸಲ ನಾನು ಬೈದುಕೊಂಡಿದ್ದ ಸಾದಾ ಭಾಗಾಕಾರ 17ರಲ್ಲೇ ಕೆಲಸ ಮುಗಿಸುತ್ತಿತ್ತು.