ಶಾಲೆ, ಅಂಗನವಾಡಿಗಳಲ್ಲಿ ರೇಡಾನ್ ಪರೀಕ್ಷೆ ಮಾಡಿಸುವ ಬಗೆ

ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಶಿಲೆಗಳಲ್ಲಿ ಯುರೇನಿಯಂ ಅಂಶವು ವಿಜಯಪುರದ ಕಡೆಯ ಕಪ್ಪು ಬಸಾಲ್ಟಿನಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಈ ಯುರೇನಿಯಂ ವಿಕಿರಣ ಸೂಸುತ್ತ ಕ್ಷಯಿಸುವಾಗ ನೆಲದೊಳಗೆ ಹುಟ್ಟುವ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆಂದು 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತಪಡಿಸಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರವಾನಗಿ ಪಡೆದ ಶಿಶುಪಾಲನಾ ಕೇಂದ್ರಗಳು ಮೂರು ವರ್ಷಕ್ಕೊಮ್ಮೆ ರೇಡಾನ್ ಅಳತೆ ಮಾಡಿಸಲೇಬೇಕು. ನಮ್ಮಲ್ಲಿಯೂ ಅಂಥ ನಿಯಮ ಬರಬೇಕು; ಅದು ಬರುವವರೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೇ (ಎಸ್‌ಡಿಎಂಸಿ) ಈ ಕೆಲಸಕ್ಕೆ ಕೈಹಾಕಬಹುದು.

ಮೊದಲು ಕೋಣೆಗಳನ್ನು ಆರಿಸಿಕೊಳ್ಳಿ. ಬಾಗಿಲು, ಕಿಟಕಿಗಳು ದಿನವಿಡೀ ತೆರೆದಿರುವ ತರಗತಿಯಲ್ಲಿ ಅನಿಲ ನಿಲ್ಲುವುದು ಕಡಿಮೆಯಾದ್ದರಿಂದ, ಧೂಳಿಗೆಂದು ಕಿಟಕಿ ಮುಚ್ಚಿಟ್ಟ ಕಂಪ್ಯೂಟರ್ ಕೋಣೆ, ಚಿಕ್ಕ ಮಕ್ಕಳು ಮಧ್ಯಾಹ್ನ ಮಲಗುವ ಅಂಗನವಾಡಿಯ ಒಳಕೋಣೆ ಇವುಗಳಿಗೆ ಮೊದಲ ಸ್ಥಾನ ಕೊಡಿ. ನೆಲವನ್ನು ಬಾಗಿ ನೋಡಿ: ಫರಸಿ ಕಲ್ಲುಗಳ ನಡುವಿನ ಸಿಮೆಂಟು ಉದುರಿ ಇರುವೆಗಳು ಮೇಲೆ ಬರುವ ಸಂದುಗಳಿದ್ದರೆ, ಮಣ್ಣಿನೊಳಗಿನ ಅನಿಲವೂ ಅದೇ ದಾರಿಯಲ್ಲಿ ಬರುತ್ತದೆ.

ವಿಕಿರಣ ಕಣಗಳ ಗುರುತು ಮೂಡುವ ಎಲ್‌ಆರ್-115 ಎಂಬ ಫಿಲ್ಮ್ ಇರುವ ಚಿಕ್ಕ ಡಬ್ಬಿಯನ್ನು ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಇಟ್ಟು ಅಳೆಯುವುದೇ ನನ್ನ ದೃಷ್ಟಿಯಲ್ಲಿ ಹೆಚ್ಚು ವಿಶ್ವಾಸಾರ್ಹ. ರೇಡಾನನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯಿಂದ ಎರಡು ಮೂರು ದಿನಗಳಲ್ಲೇ ಅಂದಾಜು ಸಿಗುತ್ತದೆ ನಿಜ, ಆದರೆ ರೇಡಾನಿನ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಕೇವಲ 3.8 ದಿನವಾದ್ದರಿಂದ ಅದನ್ನು ತಡಮಾಡದೆ ಪ್ರಯೋಗಾಲಯಕ್ಕೆ ತಲುಪಿಸಬೇಕಾಗುತ್ತದೆ. ಡಬ್ಬಿಯನ್ನು ನೆಲದಿಂದ ಕನಿಷ್ಠ 20 ಅಂಗುಲ ಎತ್ತರದಲ್ಲಿ, ಕಿಟಕಿ ಬಾಗಿಲುಗಳಿಂದ 3 ಅಡಿಯಾದರೂ ದೂರದಲ್ಲಿ, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ, ಮಕ್ಕಳ ಕೈಗೆಟುಕದಂತೆ ಇಡಿ. ಇಟ್ಟ ಮತ್ತು ತೆಗೆದ ದಿನಾಂಕಗಳನ್ನು ಮುಖ್ಯೋಪಾಧ್ಯಾಯರು ಬರೆದಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿದ ಮಟ್ಟ ಘನಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆಯ ಮಾನ). ಅದು ಸಾಧ್ಯವಾಗದ ಕಡೆಗೂ 300 ಮೀರಬಾರದು. ಮೊದಲ ಅಳತೆ ಹೆಚ್ಚು ಬಂದರೆ ಗಾಬರಿಯಿಂದ ಶಾಲೆಗೆ ಬೀಗ ಹಾಕುವ ಅಗತ್ಯವಿಲ್ಲ: ಇದು ವರ್ಷಗಟ್ಟಲೆ ಉಸಿರಾಡಿದಾಗ ಬೆಳೆಯುವ ಅಪಾಯ. ಆ ಕೋಣೆಯ ಕಿಟಕಿಗಳನ್ನು ಅಂದೇ ತೆರೆಸಿ, ಇನ್ನೊಮ್ಮೆ ಅಳೆಯಿರಿ. ಸಂದುಗಳನ್ನು ಮುಚ್ಚಿಸುವುದು ಒಳ್ಳೆಯದೇ, ಆದರೆ ಬರೀ ಅಷ್ಟರಿಂದಲೇ ಮಟ್ಟ ಇಳಿಯುವುದು ಅಪರೂಪ. ನೆಲದಡಿಗೆ ಪೈಪು ಇಳಿಸಿ, ಫ್ಯಾನಿನಿಂದ ಅನಿಲವನ್ನು ಎಳೆದು ಛಾವಣಿಯ ಮೇಲೆ ಹೊರಬಿಡುವ ವಿಧಾನ ಹೆಚ್ಚು ಪರಿಣಾಮಕಾರಿ.

ಅಳತೆಯ ವರದಿ ಕೈಗೆ ಬಂದ ಬಳಿಕ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ, ಶಾಲೆಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗೂ ಅಂಗನವಾಡಿಗಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ಪ್ರತಿ ಕೊಡಿ. ಠರಾವಿನಲ್ಲಿ ಮೂರು ಬೇಡಿಕೆಗಳು ಸ್ಪಷ್ಟವಾಗಿರಲಿ: ಹೊಸ ಕಟ್ಟಡವನ್ನು ಬಳಕೆಗೆ ಕೊಡುವ ಮೊದಲು ಪರೀಕ್ಷೆ, ದುರಸ್ತಿಯಾದ ಮೇಲೆ ಮರುಪರೀಕ್ಷೆ, ಫಲಿತಾಂಶವನ್ನು ಪಾಲಕರು ಓದುವಂತೆ ಶಾಲೆಯ ಸೂಚನಾ ಫಲಕದಲ್ಲಿ ಹಚ್ಚುವುದು.