ಬ್ಲೂಗಿಲ್‌ಗೆ ಗಾಳ: ಕೊಕ್ಕೆ ಸಣ್ಣದಿರಲಿ, ಬೆಂಡು ಇನ್ನೂ ಸಣ್ಣದಿರಲಿ

ಅಮೆರಿಕದ ಕೆರೆಗಳಲ್ಲಿ ಗಾಳ ಹಾಕಿದವರೆಲ್ಲ ಹೇಳುವ ದೂರು ಒಂದೇ: ಎರೆಹುಳ ಖಾಲಿಯಾಗುತ್ತದೆ, ಮೀನು ಸಿಗುವುದಿಲ್ಲ. ಕದಿಯುವುದು ಬಹುಪಾಲು ಬ್ಲೂಗಿಲ್. ಅಂಗೈಯಗಲದ ಮೈ, ಕಿವಿರಿನ ತುದಿಯಲ್ಲಿ ಕಪ್ಪು ಮಚ್ಚೆ, ಮೈಗೆ ಹೋಲಿಸಿದರೆ ತೀರ ಪುಟ್ಟ ಬಾಯಿ. ಅದು ಕಚ್ಚುವುದಿಲ್ಲ, ನೀರಿನ ಜೊತೆ ತಿಂಡಿಯನ್ನು ಒಳಗೆಳೆದುಕೊಂಡು, ಅನುಮಾನ ಬಂದರೆ ತಕ್ಷಣ ಉಗುಳುತ್ತದೆ. ಊರಲ್ಲಿ ಕಾಟ್ಲಾಗೆ ಕಟ್ಟುವಂಥ ಕೊಕ್ಕೆ ಇಲ್ಲಿ ದಂಡ.

ನಾನು ಕಟ್ಟುವುದು 8 ಅಥವಾ 10ನೇ ನಂಬರಿನ, ಉದ್ದ ಕಾಲಿನ, ತೆಳು ತಂತಿಯ ಕೊಕ್ಕೆ. ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು. ಕಾಲು ಉದ್ದವಿದ್ದರೆ ಮೀನು ನುಂಗಿದರೂ ಹಿಡಿದು ಬಿಡಿಸಲು ಆಧಾರ ಸಿಗುತ್ತದೆ. ತಂಗೂಸಿ 4 ಪೌಂಡು ಎಳೆತ ತಾಳುವಂಥದ್ದು ಸಾಕು, 2 ಪೌಂಡಿನದಾದರೆ ಇನ್ನೂ ಚೆನ್ನ. ಕೊಕ್ಕೆಗಿಂತ 6 ಇಂಚು ಮೇಲೆ ಒಂದೇ ಒಂದು ಸಣ್ಣ ಗುಂಡು. ಸೀಸದ್ದು ಬೇಡ, ತವರದ್ದು ತನ್ನಿ. ಸೀಸ ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ.

ಬೆಂಡಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಅಂಗಡಿಯ ಕೆಂಪು-ಬಿಳಿ ಉರುಟು ಬೆಂಡನ್ನು ಮುಳುಗಿಸಲು ಮೀನು ಎಳೆದಾಡಬೇಕು, ಆ ಎಳೆತ ಬಾಯಿಗೆ ತಗುಲಿದೊಡನೆ ಉಗುಳಿಬಿಡುತ್ತದೆ. ಪೆನ್ಸಿಲ್‌ನಂಥ ಸಪೂರ ಬೆಂಡು ಹಾಕಿ, ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಭಾರ ಹೊಂದಿಸಿ. ಬೆಂಡು ಮುಳುಗಲೇಬೇಕೆಂದಿಲ್ಲ. ಪಕ್ಕಕ್ಕೆ ಸರಿದರೂ ಕಚ್ಚಿದಂತೆಯೇ. ಇದ್ದಕ್ಕಿದ್ದಂತೆ ಅಡ್ಡ ಮಲಗಿದರೆ ಮೀನು ತಿಂಡಿ ಹಿಡಿದು ಮೇಲಕ್ಕೆ ಬಂದಿದೆ ಎಂದರ್ಥ. ಆಗ ಮಣಿಕಟ್ಟು ಮೆಲ್ಲಗೆ ಎತ್ತಿದರೆ ಸಾಕು. ಜೋರಾಗಿ ಜಗ್ಗಿದರೆ ತುಟಿ ಹರಿಯುತ್ತದೆ.

ಎರೆಹುಳವನ್ನು ಮೂರು ತುಂಡು ಮಾಡಿ, ಒಂದನ್ನು ಕೊಕ್ಕೆಗೆ ಪೂರ್ತಿ ಪೋಣಿಸಿ, ಅರ್ಧ ಸೆಂಟಿಮೀಟರ್ ಬಾಲ ಮಾತ್ರ ಬಿಡಿ. ಇಡೀ ಹುಳ ಜೋತುಬಿಟ್ಟರೆ ಬಾಲ ತಿಂದು ಹೋಗುತ್ತದೆ, ಅಷ್ಟೇ. ಹಿಟ್ಟಿನುಂಡೆಗೂ ಬರುತ್ತದೆ, ಆದರೆ ಬರುವುದೆಲ್ಲ ಮರಿಗಳೇ.

ಜಾಗ ಹುಡುಕುವುದು ಕಾಲಕ್ಕೆ ತಕ್ಕಂತೆ. ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಮಿನ್ನೆಸೋಟದಂಥ ಉತ್ತರದ ರಾಜ್ಯಗಳಲ್ಲಿ ಮೇ ಕೊನೆಯಿಂದ, ಗಂಡುಗಳು ದಡದ ಬಳಿ 2-4 ಅಡಿ ನೀರಿನ ಮರಳು, ಜಲ್ಲಿಯಲ್ಲಿ ಬಾಲದಿಂದ ಗುಳಿ ತೋಡುತ್ತವೆ. ಪೋಲರಾಯ್ಡ್ ಕನ್ನಡಕ ಹಾಕಿ ನೋಡಿದರೆ ಒತ್ತಾಗಿ ಜೋಡಿಸಿದ ತಟ್ಟೆಗಳಂತೆ ಕಾಣುತ್ತವೆ. ಮೊಟ್ಟೆ ಕಾಯುವುದು ಗಂಡೇ. ಹತ್ತಿರ ಬಂದದ್ದನ್ನೆಲ್ಲ ಅಟ್ಟುತ್ತದೆ, ಹಾಗಾಗಿ ಹಿಡಿಯುವುದು ಬಲು ಸುಲಭ. ಸುಲಭ ಎಂದೇ ನಾನು ಅಲ್ಲಿಂದ ದೊಡ್ಡ ಗಂಡನ್ನು ಒಯ್ಯುವುದಿಲ್ಲ. ದೊಡ್ಡವು ಹೋದರೆ ಚಿಕ್ಕ ಗಂಡುಗಳು ಬೇಗ ಬಲಿತು, ಬೆಳವಣಿಗೆಗೆ ಹೋಗಬೇಕಾದ ಶಕ್ತಿಯನ್ನು ಮರಿ ಮಾಡುವುದಕ್ಕೇ ಖರ್ಚು ಮಾಡುತ್ತವೆ. ಕೆಲವೇ ವರ್ಷಗಳಲ್ಲಿ ಕೆರೆ ತುಂಬ ನಾಲ್ಕಿಂಚಿನ ಮೀನು.

ಜುಲೈ ಬಿಸಿಲಿಗೆ ದೊಡ್ಡವು ದಡ ಬಿಟ್ಟು ಜೊಂಡಿನ ಹೊರ ಅಂಚಿಗೆ, 8-15 ಅಡಿ ಆಳಕ್ಕೆ ಸರಿಯುತ್ತವೆ. ದಡದಲ್ಲಿ ಉಳಿಯುವುದು ಚಿಳ್ಳೆಪಿಳ್ಳೆ. ಇಲ್ಲಿ ಬೆಂಡು ತೆಗೆದು 1/32 ಔನ್ಸ್ ಜಿಗ್ (ತಲೆಗೆ ಭಾರ ಬೆಸೆದ ಕೊಕ್ಕೆ) ಎಸೆದು, ಅದು ಇಳಿಯುವಾಗ ಮನಸ್ಸಲ್ಲೇ ಎಣಿಸುತ್ತೇನೆ. ಹನ್ನೆರಡಕ್ಕೆ ತಂಗೂಸಿ ಮಿಡುಕಿದರೆ ಮುಂದಿನ ಎಸೆತದಲ್ಲಿ ಹತ್ತಕ್ಕೇ ನಿಲ್ಲಿಸಿ ನಿಧಾನ ಸುತ್ತುವುದು. ಬ್ಲೂಗಿಲ್ ಮೇಲಕ್ಕೆ ಬಂದು ತಿನ್ನುತ್ತದೆ, ಕೆಳಕ್ಕಿಳಿದು ತಿನ್ನುವುದು ಕಡಿಮೆ.

ಚಳಿಗಾಲದಲ್ಲಿ ಮಂಜುಗಡ್ಡೆ ಕೊರೆದೂ ಹಿಡಿಯಬಹುದು. ನಡೆದು ಹೋಗಲು ಗಟ್ಟಿ, ತಿಳಿ ಮಂಜು ಕನಿಷ್ಠ 4 ಇಂಚು ಇರಬೇಕು.

ಹಿಡಿಯುವಾಗ ಅಂಗೈಯನ್ನು ತಲೆ ಕಡೆಯಿಂದ ಬಾಲದತ್ತ ಸವರಿ, ಬೆನ್ನಿನ ಮುಳ್ಳುಗಳನ್ನು ಮಡಚಿ ಹಿಡಿಯಿರಿ. ಅಡ್ಡ ಹಿಡಿದರೆ ಕೈ ಚುಚ್ಚುತ್ತದೆ. ಪರವಾನಗಿ ಮರೆಯಬೇಡಿ. ಮಿನ್ನೆಸೋಟದಲ್ಲಿ ದಿನಕ್ಕೆ ಸಾಮಾನ್ಯ ಮಿತಿ 20 ಸನ್‌ಫಿಶ್ (ಬ್ಲೂಗಿಲ್ ಸೇರಿದ ಮೀನಿನ ಗುಂಪು), ಕೆಲವು ಕೆರೆಗಳಲ್ಲಿ 10 ಅಥವಾ 5; ದಡದ ಬೋರ್ಡು ಓದಿಯೇ ಬುಟ್ಟಿ ತುಂಬಿ. ಅಡುಗೆಗೆ 7 ಇಂಚಿನದು ಹದ. ಚಿಪ್ಪು ಕೆರೆದು, ಮೈಗೆ ಗೀರು ಹಾಕಿ, ಖಾರ, ಅರಿಶಿನ, ಹುಳಿ ಹಚ್ಚಿ ಕಾವಲಿ ಮೇಲೆ ಹುರಿಯಿರಿ. ಕಾಟ್ಲಾದ ಹಾಗೆ ಮಾಂಸದೊಳಗೆ ಸಣ್ಣ ಮುಳ್ಳುಗಳ ಕಾಟವಿಲ್ಲ. ಬೆನ್ನೆಲುಬಿನಿಂದ ಎರಡೂ ಬದಿ ಸಲೀಸಾಗಿ ಬಿಡುತ್ತದೆ.